ಮಾಳಿಗೆ ಇಳಿದ ಮೇಲೆ ತೊಲೆ ಎಲ್ಲಿಗೆ?



ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಈಗ ಒಂದು ಕೆಲಸ ನಡೆದೇ ಇರುತ್ತದೆ. ಹಳೆಯ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವ ಕೆಲಸ. ಬೆಳಿಗ್ಗೆ ಜೆಸಿಬಿ ಬಂದರೆ ಊಟದ ಹೊತ್ತಿಗೆ ಗೋಡೆ ನೆಲ ಕಂಡಿರುತ್ತದೆ. ಕಲ್ಲು ಹೊಸ ಮನೆಯ ಪಾಯಕ್ಕೆ ಹೋಗುತ್ತದೆ. ಮಣ್ಣು ಹೊಲಕ್ಕೆ ಹೋಗುತ್ತದೆ. ಕೆತ್ತನೆಯ ಬಾಗಿಲು, ಒಳ್ಳೆಯ ಕಂಬ ಇದ್ದರೆ ಹಳೆ ಮರದ ವ್ಯಾಪಾರಿ ಬಂದು ರೊಕ್ಕ ಎಣಿಸಿ ಒಯ್ಯುತ್ತಾನೆ. ಉಳಿದ ತೊಲೆ, ಜಂತೆಗಳು ಬೀದಿಯಲ್ಲಿ ಬಿದ್ದಿರುತ್ತವೆ. ಒಂದು ಮಳೆ ನೆನೆದು, ಒಂದು ಬಿಸಿಲು ಕಾಯ್ದು, ಸೀಳು ಬಿಟ್ಟು, ಕೊನೆಗೆ ಸೌದೆಯ ತೂಕದಲ್ಲಿ ಇಟ್ಟಿಗೆ ಗೂಡಿಗೋ ಹೋಟೆಲಿನ ಒಲೆಗೋ ಸೇರುತ್ತವೆ.

ಈ ಹೊತ್ತಿನ ನನ್ನ ಮಾತು ಆ ತೊಲೆಯ ಬಗ್ಗೆ. ಎಲ್ಲವನ್ನೂ ಉಳಿಸಿ ಎಂದು ಕೇಳುವುದಿಲ್ಲ, ಅದು ಆಗುವ ಮಾತಲ್ಲ. ಮನೆಗೊಂದು ತೊಲೆ ಉಳಿಸಿಕೊಳ್ಳಿ. ಅದನ್ನು ನುಣುಪು ಮಾಡಲು ಹೋಗದೆ, ಇದ್ದ ಹಾಗೆಯೇ, ಹೊಸ ಮನೆಯ ಒಲೆಗೋಡೆಯ ಮೇಲೋ ಪಡಸಾಲೆಯ ಗೋಡೆಗೋ ಒಂದು ದಪ್ಪ ಹಲಗೆಯಾಗಿ ಕೂರಿಸಿಕೊಳ್ಳಿ. ಅದು ಹೇಗೆ ಎಂಬುದನ್ನು ಬಲ್ಲಷ್ಟು ಹೇಳುತ್ತೇನೆ.

ಚಳಿ ದೇಶಗಳಲ್ಲಿ ಇದು ಹಳೆಯ ರೂಢಿ. ಯೂರೋಪು, ಅಮೆರಿಕದ ಹಳ್ಳಿಗಳಲ್ಲಿ ಮನೆ ಬೆಚ್ಚಗಾಗಿಸುವ ಅಗ್ಗಿಷ್ಟಿಕೆಯ ಬಾಯಿಯ ಮೇಲೆ ಒಂದು ದಪ್ಪ ದಿಮ್ಮಿ ಅಡ್ಡ ಇರುತ್ತದೆ. ಬಿದ್ದುಹೋದ ಕಣಜ, ಕೊಟ್ಟಿಗೆಗಳ ತೊಲೆಯನ್ನು ತಂದು ಅಲ್ಲಿ ಕೂರಿಸುತ್ತಾರೆ. ಅದರ ಮೇಲೆ ಮನೆಯ ಹಿರಿಯರ ಪಟ, ಗಡಿಯಾರ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಅದೇ ಹಲಗೆಯ ಮೇಲೆ ಗಣಪನೂ ಕೂರುತ್ತಾನೆ, ದಸರೆಗೆ ಬೊಂಬೆಯೂ ಏರುತ್ತದೆ. ನಮ್ಮ ನಾಡಿನಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ, ಬೆಂಗಳೂರು ದಂಡಿನ ಹಳೆಯ ಮನೆಗಳಲ್ಲಿ ಅಗ್ಗಿಷ್ಟಿಕೆ ಕಾಣಬಹುದು. ಚಳ್ಳಕೆರೆಗೆ ಅದು ಬೇಕಿಲ್ಲ. ವರ್ಷದ ಮಳೆ 500 ಮಿ.ಮೀ. ಮುಟ್ಟುವುದೇ ಕಷ್ಟವಾದ ಸೀಮೆ ಇದು. ಇಲ್ಲಿ ಮನೆಯೊಳಗೆ ಬೆಂಕಿ ಎಂದರೆ ಅಡಿಗೆ ಒಲೆ. ಆದರೆ ಒಲೆಯ ಮೇಲೊಂದು ಜಾಗ ನಮ್ಮಲ್ಲೂ ಇತ್ತು. ಹೊಗೆ ಏರುವ ಕಡೆ ಬಿತ್ತನೆಯ ಜೋಳದ ತೆನೆ ತೂಗುಹಾಕುತ್ತಿದ್ದರು. ಗೋಡೆಯ ಗೂಡಿನಲ್ಲಿ ಉಪ್ಪಿನ ಮಡಕೆ, ಬೆಂಕಿಪೊಟ್ಟಣ, ದೀಪದ ಬುಡ್ಡಿ. ಹೊಗೆಯ ಕಾವಿನಲ್ಲಿ ಬೀಜಕ್ಕೆ ಹುಳ ಬೀಳುತ್ತಿರಲಿಲ್ಲ. ಅದೇ ಹೊಗೆ ಆ ಒಲೆಯ ಮೇಲಿನ ತೊಲೆಯನ್ನೂ ಕಾಯ್ದಿದೆ. ಇಲ್ಲಣ ಕಟ್ಟಿ ಕರ್ರಗಾದ ತೊಲೆಯನ್ನು ಕಂಡವರು ಅದು ಸುಟ್ಟಿದೆ, ಕೆಟ್ಟಿದೆ ಎಂದುಕೊಳ್ಳುತ್ತಾರೆ. ನನಗೆ ಕೇಳಿದರೆ ಇಡೀ ಮನೆಯಲ್ಲಿ ಮೊದಲು ಆರಿಸಬೇಕಾದ ತೊಲೆ ಅದೇ. ಹೊಗೆಯ ಜಿಗುಟು ಮರದ ಮೈಗೆ ಇಳಿದು, ಗೆದ್ದಲನ್ನೂ ಕುಟ್ಟೆಹುಳವನ್ನೂ ದೂರ ಇಟ್ಟಿರುತ್ತದೆ.

ತೊಲೆಯ ಬೆಲೆ ತಿಳಿಯಬೇಕಾದರೆ ಅದು ಹೊತ್ತ ಭಾರ ತಿಳಿಯಬೇಕು. ಮಾಳಿಗೆ ಮನೆಯನ್ನು ಒಮ್ಮೆ ಮನಸ್ಸಿನಲ್ಲಿ ಕಟ್ಟಿ ನೋಡಿ. ಸುತ್ತ ಕಲ್ಲು ಮಣ್ಣಿನ ದಪ್ಪ ಗೋಡೆ. ನಡುವೆ ಅಡಿಗಲ್ಲಿನ ಮೇಲೆ ಮರದ ಕಂಬ. ಕಂಬದ ತಲೆಗೆ ಬೋದಿಗೆ. ಬೋದಿಗೆಯ ಮೇಲೆ ತೊಲೆ. ತೊಲೆಯ ಮೇಲೆ ಅಡ್ಡಡ್ಡ ಜಂತೆ. ಜಂತೆಯ ಮೇಲೆ ಸೀಳು ಕಟ್ಟಿಗೆ ಒತ್ತೊತ್ತಾಗಿ ಹಾಸಿ, ಅದರ ಮೇಲೆ ಬಂದರೆ ಸೊಪ್ಪೋ ಹೊಂಗೆ ಸೊಪ್ಪೋ ಹರಡಿ, ಮೇಲೆ ಮಣ್ಣು ಮೆತ್ತಿ, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಬೆಳೆ ಬೆಳೆಯದ ಚೌಳು ನೆಲದ ಬಿಳಿ ಮಣ್ಣನ್ನು ಗಾಡಿಯಲ್ಲಿ ತಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹರಡುತ್ತಿದ್ದರು. ಆ ಮಣ್ಣಿನಲ್ಲಿರುವ ಸೋಡಿಯಂ ಅಂಶ ನೀರು ಬಿದ್ದೊಡನೆ ಜೇಡಿಯ ಕಣಗಳನ್ನು ಬಿಡಿಸಿ ಸಂದುಗಳನ್ನೆಲ್ಲ ಮುಚ್ಚುತ್ತದೆ. ನೀರು ಕೆಳಗಿಳಿಯದೆ ದೋಣಿಯತ್ತ ಹರಿದುಹೋಗುತ್ತದೆ. ಹುಲ್ಲೂ ಹುಟ್ಟುವುದಿಲ್ಲ. ಹೊಲದಲ್ಲಿ ರೈತನನ್ನು ಅಳಿಸುವ ಮಣ್ಣು ಮಾಳಿಗೆಯಲ್ಲಿ ಅವನ ಮನೆ ಕಾಯುತ್ತಿತ್ತು.

ಈಗ ಲೆಕ್ಕ ಹಾಕಿ. ಮಾಳಿಗೆಯ ಮಣ್ಣು ಒಂದು ಅಡಿ ದಪ್ಪ ಇದ್ದರೆ ಒಂದು ಚದರಡಿಗೆ ಸುಮಾರು 45 ಕೆಜಿ ಭಾರ. ಹತ್ತು ಅಡಿ, ಹನ್ನೆರಡು ಅಡಿಯ ಸಣ್ಣ ಕೋಣೆಯ ಮೇಲೆ ಐದು ಟನ್ನಿಗೂ ಹೆಚ್ಚು. ಮಳೆ ನೆನೆದರೆ ಇನ್ನಷ್ಟು. ಸುಗ್ಗಿಯಲ್ಲಿ ಮೆಣಸಿನಕಾಯಿ, ಶೇಂಗಾ ಒಣಗಿಸಲು, ಬೇಸಿಗೆಯಲ್ಲಿ ಮಲಗಲು ಮನೆಮಂದಿಯೆಲ್ಲ ಅದೇ ಮಾಳಿಗೆ ಹತ್ತುತ್ತಿದ್ದರು. ಇಷ್ಟನ್ನೂ ಮೂರು ತಲೆಮಾರು ಹೊತ್ತ ಮರವನ್ನು ನಾವು ಕೆಜಿ ಲೆಕ್ಕದಲ್ಲಿ ಒಲೆಗೆ ಹಾಕುತ್ತಿದ್ದೇವೆ.

ಈ ಮನೆಗಳು ಬೀಳುವುದಕ್ಕೆ ಜನರ ಆಸೆಯೊಂದೇ ಕಾರಣವಲ್ಲ, ಅದನ್ನೂ ಹೇಳಬೇಕು. ವರ್ಷ ವರ್ಷ ಮಣ್ಣು ಹಾಕುವ ಆಳು ಸಿಗುವುದಿಲ್ಲ. 2022ರ ಮಳೆಗಾಲ ನೆನಪಿರಬಹುದು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ ವರ್ಷ ಅದು. ವೇದಾವತಿ ಎರಡೂ ದಡ ತುಂಬಿ ಹರಿದಳು. ಹದ ಮೀರಿದ ಆ ಮಳೆಗೆ ಮಾಳಿಗೆಗಳು ನೆನೆದು ಕುಸಿದವು. ಮಕ್ಕಳು ಮರಿ ಇಟ್ಟುಕೊಂಡವರು ಭಯದಲ್ಲಿ ಮಲಗಬೇಕು ಎಂದು ಯಾರೂ ಹೇಳಲಾರರು. ಮನೆ ಬದಲಾಗಲಿ. ನನ್ನ ಮಾತು ಮನೆ ಬಿಚ್ಚುವ ರೀತಿಯ ಬಗ್ಗೆ, ಬಿಚ್ಚಿದ ಮರದ ಬಗ್ಗೆ.

ಬಿಚ್ಚುವುದಾದರೆ ಕಟ್ಟಿದ ಕ್ರಮದ ಹಿಂದುಮುಂದಾಗಿ ಬಿಚ್ಚಬೇಕು. ಮೊದಲು ಮಾಳಿಗೆಯ ಮಣ್ಣನ್ನು ಸಲಿಕೆಯಲ್ಲಿ ಇಳಿಸಿ. ಆಮೇಲೆ ಕಟ್ಟಿಗೆ, ಜಂತೆ, ಕಡೆಗೆ ತೊಲೆ. ತೊಲೆಯ ಎರಡೂ ತುದಿಗೆ ಆಸರೆ ಕೊಟ್ಟು ಹಗ್ಗದಲ್ಲಿ ಇಳಿಸಬೇಕು. ಜೆಸಿಬಿ ಗೋಡೆಗೆ ಬರಲಿ, ಮಾಳಿಗೆಗೆ ಬೇಡ. ಅದರ ಒಂದು ಏಟಿಗೆ ತೊಲೆಯ ಒಳಗೆ ಕಣ್ಣಿಗೆ ಕಾಣದ ಮುರಿತ ಬೀಳುತ್ತದೆ. ಮಣ್ಣು ಇಳಿಸುವಾಗ ಮೂಗಿಗೆ ಬಟ್ಟೆ ಕಟ್ಟಿ. ತಲೆಮಾರುಗಳ ಧೂಳು, ಇಲಿ ಹಿಕ್ಕೆ ಅದರಲ್ಲಿರುತ್ತದೆ. ಹಾವು, ಚೇಳು ಇರುವುದನ್ನು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ.

ಇಲ್ಲಿ ಒಂದು ಅಡ್ಡ ಮಾತು ಬರುತ್ತದೆ. ಹಳೆ ಮನೆಯ ಮರ ಹೊಸ ಮನೆಗೆ ಆಗಿಬರುವುದಿಲ್ಲ ಎಂದು ಹಲವರು ಹಿಂಜರಿಯುತ್ತಾರೆ. ಅವರ ಮನಸ್ಸಿನ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಹೊಸ್ತಿಲ ಕೆಳಗೆ ನಾಣ್ಯ ಇಟ್ಟು, ಬಾಗಿಲ ಚೌಕಟ್ಟಿಗೆ ಅರಿಶಿನ ಹಚ್ಚಿ, ಮಾವಿನ ಸೊಪ್ಪು ಕಟ್ಟಿ ನಿಲ್ಲಿಸುವ ಜನ ನಾವು. ಆದರೆ ಇಳಿಸಿದ ತೊಲೆಯನ್ನು ತಿರುಗಿಸಿ ತಿರುಗಿಸಿ ನೋಡಿ. ಯಾವ ಜಂತೆಗೂ ಯಾವ ಕಂಬಕ್ಕೂ ಹೊಂದದ ಒಂದು ಕುಳಿ, ಬರಿದಾದ ಒಂದು ಬೆಣೆಯ ತೂತು ಎಷ್ಟೋ ತೊಲೆಗಳಲ್ಲಿ ಕಾಣುತ್ತದೆ. ಅಂದರೆ ನಿಮ್ಮ ಅಜ್ಜನ ಅಪ್ಪ ಆ ತೊಲೆಯನ್ನು ಅದಕ್ಕೂ ಹಿಂದಿನ ಮನೆಯಿಂದ ತಂದಿದ್ದ. ಬರದ ನಾಡಿನಲ್ಲಿ ಒಳ್ಳೆಯ ಮರವನ್ನು ಒಂದೇ ಸಲ ಬಳಸಿ ಬಿಸಾಡುವಷ್ಟು ಸಿರಿ ಯಾರಿಗಿತ್ತು? ಮುಂಬಾಗಿಲಿಗೆ ಬೇಡವೆನಿಸಿದರೆ ಬೇಡ. ಗೋಡೆಯ ಹಲಗೆಗೆ ಯಾವ ಶಾಸ್ತ್ರದ ಅಡ್ಡಿಯೂ ಇದ್ದಂತೆ ನನಗೆ ಕಾಣದು.

ಮರ ಯಾವುದು ಎಂದು ಗುರುತಿಸುವುದು ಮುಂದಿನ ಕೆಲಸ. ಬಾಚಿಯಿಂದ ಒಂದು ತೆಳು ಚಕ್ಕೆ ಎಬ್ಬಿಸಿದರೆ ಸಾಕು. ಕರಿಜಾಲಿಯ ಚೇಗು ಕೆಂಪು ಕಂದು, ಗಟ್ಟಿ. ಗಾಡಿಯ ಗುಂಭ, ನೇಗಿಲು ಮಾಡಿದ ಮರ ಅದು. ಬೇವು ನಸುಗೆಂಪು, ಕಹಿ. ಆ ಕಹಿಯೇ ಅದರ ಕಾವಲು. ತೇಗ ಹೊಂಬಣ್ಣದ್ದು, ಮುಟ್ಟಿದರೆ ಎಣ್ಣೆ ಪಸೆ, ಚರ್ಮದಂಥ ವಾಸನೆ. ಅದು ಇಲ್ಲಿಯ ಮರವಲ್ಲ, ಅನುಕೂಲಸ್ಥರು ಮಲೆನಾಡಿನ ಕಡೆಯಿಂದ ತರಿಸಿದ್ದು. ಹೊನ್ನೆಯೂ ಹಾಗೆಯೇ. ಅದರ ಚಕ್ಕೆಯನ್ನು ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿದರೆ ನೀರಿಗೆ ನೀಲಿ ಹೊಳಪು ಬರುತ್ತದೆ. ಹುಣಸೆಯಲ್ಲಿ ನಡುವಿನ ಕಪ್ಪು ಚೇಗು ಮಾತ್ರ ಬಾಳುತ್ತದೆ, ಸುತ್ತಲಿನ ಬಿಳಿಯನ್ನು ಹುಳ ಬಿಡುವುದಿಲ್ಲ.

ಕಮರದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕಲ್ಲು ಗುಡ್ಡಗಳಲ್ಲಿ, ಹಿಡಿ ಮಣ್ಣಿನಲ್ಲಿ ಬೇರೂರಿ ಬೆಳೆಯುವ ಮರ ಅದು. ಚಿತ್ರದುರ್ಗ, ಬಳ್ಳಾರಿ, ಪಾವಗಡ, ಅನಂತಪುರದ ಒಣ ಸೀಮೆಗೆ ಒಗ್ಗಿದ್ದು. ದೇಶದ ಅತಿ ಭಾರದ, ಅತಿ ಗಡಸಿನ ಮರಗಳಲ್ಲಿ ಒಂದು. ಒಂದು ಘನ ಅಡಿ ನೀರು 28 ಕೆಜಿ ತೂಗಿದರೆ ಕಮರದ ಚೇಗು ಅದಕ್ಕಿಂತ ಹೆಚ್ಚು ತೂಗುತ್ತದೆ, ನೀರಿನಲ್ಲಿ ಮುಳುಗುತ್ತದೆ. ತೇಗದ ಒಂದು ಘನ ಅಡಿ ಇಪ್ಪತ್ತು ಕೆಜಿಯ ಒಳಗೆ ಉಳಿಯುತ್ತದೆ. ಹೊಸ ಮೊಳೆ ಕಮರಕ್ಕೆ ಇಳಿಯದೆ ಬಾಗುತ್ತದೆ, ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಬಡಗಿಗಳು ಇದನ್ನು ಕಂಡರೆ ಮುಖ ಸಿಂಡರಿಸುತ್ತಾರೆ, ಮನೆಯವರು ತೇಗವಲ್ಲ ಎಂದು ತಾತ್ಸಾರ ಮಾಡುತ್ತಾರೆ. ನನ್ನ ಮಟ್ಟಿಗೆ ಈ ಸೀಮೆಯ ಗೋಡೆಗೆ ಈ ಸೀಮೆಯ ಕಮರವೇ ಸರಿಯಾದ ಹಲಗೆ. ಕೆಡವಿದ ಮನೆಯಲ್ಲಿ ಕಮರದ ತೊಲೆ ಇದ್ದರೆ ಯಾವ ಬೆಲೆಗೂ ಬಿಡಬೇಡಿ. ಅಷ್ಟು ದಪ್ಪದ ಕಮರ ಈಗ ಗುಡ್ಡಗಳಲ್ಲಿ ಕಾಣುವುದು ಅಪರೂಪ.

ತೊಲೆ ಗಟ್ಟಿಯೋ ಟೊಳ್ಳೋ ಎಂಬುದನ್ನು ಕಿವಿ ಹೇಳುತ್ತದೆ. ಸುತ್ತಿಗೆಯಿಂದ ತುದಿಯಿಂದ ತುದಿಗೆ ತಟ್ಟುತ್ತ ಹೋಗಿ. ಖಣ್ಣನೆ ಬಂದರೆ ಗಟ್ಟಿ, ಬೊದ್ದು ದನಿ ಬಂದಲ್ಲಿ ಗುರುತು ಹಾಕಿ, ದಬ್ಬಳದಿಂದ ಚುಚ್ಚಿ ನೋಡಿ. ಹೆಚ್ಚಾಗಿ ಕೆಡುವುದು ಗೋಡೆಯೊಳಗೆ ಕೂತಿದ್ದ ಎರಡು ತುದಿಗಳು, ಏಕೆಂದರೆ ಸೋರಿದ ನೀರು ಅಲ್ಲಿ ನಿಲ್ಲುತ್ತದೆ. ಅವೆರಡನ್ನೂ ಒಂದೊಂದು ಅಡಿ ಕತ್ತರಿಸಿದರೆ ಹತ್ತು ಅಡಿಯ ತೊಲೆಯಲ್ಲಿ ಎಂಟು ಅಡಿ ಒಳ್ಳೆಯ ಮರ ಸಿಗುತ್ತದೆ. ಗೋಡೆಯ ಹಲಗೆಗೆ ಐದು ಅಡಿ ಸಾಕು.

ಕತ್ತರಿಸುವ ಮೊದಲು ಮೊಳೆ ತೆಗೆಯಬೇಕು. ಹಳೆಯ ಮೊಳೆಗಳು ಕುಲುಮೆಯಲ್ಲಿ ಬಡಿದವು, ನಾಲ್ಕು ಮೂಲೆಯವು. ತಲೆ ಮುರಿದು ಒಳಗೇ ಉಳಿದಿರುತ್ತವೆ. ಕೆಟ್ಟ ರೇಡಿಯೋದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ನಿಧಾನವಾಗಿ ಆಡಿಸಿ. ಎಲ್ಲಿ ದಾರ ಎಳೆಯುತ್ತದೋ ಅಲ್ಲಿ ಮೊಳೆ ಇದೆ. ಮರ ಕೊಯ್ಯುವ ಮಿಲ್ಲಿನವರು ಹಳೆ ಮರ ಬೇಡವೆನ್ನುವುದು ಈ ಮೊಳೆಗಳ ಭಯಕ್ಕೇ. ಒಂದು ಮೊಳೆಗೆ ಗರಗಸದ ಪಟ್ಟಿ ಹರಿದರೆ ನಷ್ಟವೂ ಹೌದು, ಜೀವಕ್ಕೆ ಅಪಾಯವೂ ಹೌದು. ಜಾಲಿಯಂಥ ಒಗರು ಮರದಲ್ಲಿ ಮೊಳೆಯ ಸುತ್ತ ನೀಲಿಗಪ್ಪು ಕಲೆ ಹರಡಿರುತ್ತದೆ. ಅದು ಕಬ್ಬಿಣವೂ ಮರದ ಒಗರೂ ಬೆರೆತು ಹುಟ್ಟಿದ ಬಣ್ಣ. ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ, ತೊಲೆಗೆ ಅದೊಂದು ಲಕ್ಷಣ.

ಶುಚಿ ಮಾಡುವುದರಲ್ಲೇ ಬಹಳ ತೊಲೆಗಳು ಹಾಳಾಗುವುದು. ಬಡಗಿ ಮೊದಲು ಕೈಗೆತ್ತಿಕೊಳ್ಳುವುದು ಕೀಸುಳಿ, ಇಲ್ಲವೆ ಕರೆಂಟಿನ ಗ್ರೈಂಡರ್. ಎರಡನ್ನೂ ಮುಂಭಾಗಕ್ಕೆ ತಾಗಿಸಬಾರದು. ತೊಲೆಯ ಮೈಮೇಲೆ ಓರೆ ಓರೆಯಾಗಿ ಬಿದ್ದಿರುವ ಗುರುತುಗಳಿವೆಯಲ್ಲ, ಅವು ಬಾಚಿಯ ಏಟುಗಳು. ಮಿಲ್ಲು ಬರುವ ಮೊದಲು ದುಂಡು ಮರವನ್ನು ಚೌಕ ಮಾಡಿದವನ ಕೈಗುರುತು. ಏಟುಗಳ ಓರೆ ನೋಡಿ ಅವನು ಎಡಗೈಯವನೋ ಬಲಗೈಯವನೋ ಹೇಳುವ ಹಿರಿಯ ಬಡಗಿಗಳಿದ್ದಾರೆ. ಅವನ ಹೆಸರು ಯಾವ ಕಡತದಲ್ಲೂ ಇಲ್ಲ. ಅವನ ಕೆಲಸದ ದಾಖಲೆ ಎಂದರೆ ಈ ಗುರುತುಗಳೇ. ಅರ್ಧ ಗಂಟೆಯ ಗ್ರೈಂಡರ್ ಅದನ್ನು ಅಳಿಸಿಬಿಡುತ್ತದೆ. ಆದ್ದರಿಂದ ತೆಂಗಿನ ನಾರಿನ ಬ್ರಷ್ಷು, ಹೆಚ್ಚೆಂದರೆ ಹಿತ್ತಾಳೆ ತಂತಿಯ ಬ್ರಷ್ಷು. ಉಕ್ಕಿನ ತಂತಿ ಬೇಡ, ಅದರ ಚೂರು ಮರದಲ್ಲಿ ಉಳಿದು ತುಕ್ಕಿನ ಕಪ್ಪು ಚುಕ್ಕೆ ಬಿಡುತ್ತದೆ. ಇಲ್ಲಣಕ್ಕೆ ಅಂಟುವಾಳ ನೆನೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಪೈಪಿನಿಂದ ನೀರು ಬಿಡಬೇಡಿ. ಕೀಸುಳಿ ಹಿಂಭಾಗಕ್ಕೆ ಮಾತ್ರ, ಗೋಡೆಗೆ ಸಮವಾಗಿ ಕೂರುವಷ್ಟು.

ಬಣ್ಣ ಬಳಿದ ಮರವಾದರೆ ಎಚ್ಚರ ಬೇಕು. ಮನೆಯ ಬಣ್ಣಗಳಲ್ಲಿ ಸೀಸಕ್ಕೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಿನ ಮಿತಿ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಹಸಿರು, ಹಳದಿ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿದರೆ ಅದರ ಧೂಳು ಮಕ್ಕಳ ಮೈ ಸೇರುತ್ತದೆ. ಒದ್ದೆ ಮಾಡಿ ಕೆರೆಯಿರಿ, ಕೆರೆದದ್ದನ್ನು ಕಾಗದದ ಮೇಲೆ ಹಿಡಿದು ಕಟ್ಟಿ ದೂರ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನು ಹುಳ. ತೊಲೆಯ ಕೆಳಗೆ ಹಿಟ್ಟಿನಂತೆ ಹೊಸ ಪುಡಿ ಉದುರುತ್ತಿದ್ದರೆ ಕುಟ್ಟೆಹುಳ ಇನ್ನೂ ಜೀವಂತ ಇದೆ. ಚಿತ್ರದುರ್ಗ ಜಿಲ್ಲೆಯ ಏಪ್ರಿಲ್ ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ಸಾಯುತ್ತವೆ ಎಂದು ಹೇಳುವವರಿದ್ದಾರೆ. ಮೇಲ್ಮೈಯಲ್ಲಿರುವವು ಸತ್ತಾವು. ಆದರೆ ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಜಗತ್ತು ಒಪ್ಪಿದ ಲೆಕ್ಕವೆಂದರೆ, ಮರದ ನಡು ತಿರುಳು 56 ಡಿಗ್ರಿ ಕಾವಿನಲ್ಲಿ ಅರ್ಧ ಗಂಟೆ ಇರಬೇಕು. ಎಂಟು ಅಂಗುಲ ದಪ್ಪದ ತೊಲೆಯ ನಡುವಿಗೆ ಬಿಸಿಲಿನ ಆ ಕಾವು ಇಳಿಯುವುದು ಕಷ್ಟ. ಮೇಲಾಗಿ ಬಿಸಿಲಿಗೆ ಮರ ಸೀಳುತ್ತದೆ. ನೆರಳಿನಲ್ಲಿ, ಕಲ್ಲಿನ ಮೇಲೆ, ಗಾಳಿಯಾಡುವಂತೆ ಇಟ್ಟು ಒಣಗಿಸಿ, ಎರಡು ತುದಿಗೆ ಮೇಣ ಸವರಿ. ಹುಳಕ್ಕೆ ಎರಡು ಪಾಲು ಬೋರಿಕ್ ಆಮ್ಲ, ಮೂರು ಪಾಲು ಬೋರಾಕ್ಸ್ ಬಿಸಿ ನೀರಿನಲ್ಲಿ ಕರಗಿಸಿ, ಎರಡು ಮೂರು ಸಲ ಹಚ್ಚಿ. ತೂತುಗಳಿಗೆ ಸಿರಿಂಜಿನಿಂದ ಬಿಡಿ. ಈ ಮದ್ದು ಸಂಪೂರ್ಣ ಒಣಗಿದ ಮೇಲೆಯೇ ಎಣ್ಣೆಯ ಮಾತು.

ಎರಡು ಬಗೆಯ ಮರದ ಬಗ್ಗೆ ಎಚ್ಚರ ಇರಲಿ. ಒಂದು, ಹಳೆಯ ರೈಲ್ವೆ ಸ್ಲೀಪರ್. ನೋಡಲು ಚೆಂದ, ಗುಜರಿಯಲ್ಲಿ ಸಿಗುತ್ತದೆ. ಅದಕ್ಕೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿರುತ್ತಾರೆ, ಅದರ ಆವಿ ಒಳ್ಳೆಯದಲ್ಲ, ಅದನ್ನು ಮನೆಯೊಳಗೆ ತರಲೇಬೇಡಿ. ಇನ್ನೊಂದು, ಎಣ್ಣೆ ಮಿಲ್ಲಿನ ಮರ. ಚಳ್ಳಕೆರೆ ಎಣ್ಣೆಯ ಊರು, ಶೇಂಗಾ ಎಣ್ಣೆಗೆ ದೇಶದಲ್ಲಿ ಹೆಸರಾದ ಊರು. ಮುಚ್ಚಿದ ಮಿಲ್ಲುಗಳಿಂದ ದಪ್ಪ ದಪ್ಪ ದಿಮ್ಮಿಗಳು ಹೊರಬರುತ್ತವೆ. ವರ್ಷಗಟ್ಟಲೆ ಎಣ್ಣೆ ಕುಡಿದ ಆ ಮರ ಬೆಂಕಿಯ ಹತ್ತಿರ ಇರಬಾರದು. ಪಡಸಾಲೆಯ ಗೋಡೆಗೆ, ಒಲೆಯಿಂದ ದೂರ, ಬೇಕಾದರೆ ಆಗಬಹುದು.

ಮೊಳಕಾಲ್ಮುರಿನ ಕಡೆಗೆ ಬರೋಣ. ಅಲ್ಲಿ ಮಾಳಿಗೆಯ ತೊಲೆಯ ಜೊತೆಗೆ ಇನ್ನೊಂದು ಮರ ಸೌದೆಗೆ ಹೋಗುತ್ತಿದೆ. ಅದು ಮಗ್ಗದ ಮರ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಂಚೂ ಒಡಲೂ ಬೇರೆ ಬೇರೆ ಬಣ್ಣವಾಗಿ ಒಂದರೊಳಗೊಂದು ಹೆಣೆದುಕೊಳ್ಳುವಂತೆ ಮೂರು ಲಾಳಿಯಲ್ಲಿ ನೇಯುವ ಕಸುಬು ಅದು. ಆ ನೇಯ್ಗೆಗೆ ಜೊತೆಯಾಳು ಬೇಕು, ಹೆಚ್ಚಾಗಿ ಮನೆಯ ಹೆಂಗಸು ಅಥವಾ ಹುಡುಗರು. ಮಕ್ಕಳು ಓದಿ ಬೆಂಗಳೂರಿಗೆ ಹೋದ ಮನೆಗಳಲ್ಲಿ ಗುಂಡಿ ಮಗ್ಗ ನಿಂತಿದೆ. ಗುಂಡಿ ಮುಚ್ಚಿ ಟೈಲ್ಸ್ ಹಾಕಿಸುವ ದಿನ ಮಗ್ಗದ ಮರ ಹಿತ್ತಿಲಿಗೆ ಬರುತ್ತದೆ. ಅದರಲ್ಲಿ ನೇಯ್ದ ಸೀರೆಯನ್ನು ಸುತ್ತಿಕೊಳ್ಳುವ ಮರವನ್ನು ಕೈಯಾರೆ ಮುಟ್ಟಿ ನೋಡಬೇಕು. ನೇಕಾರನ ಒಡಲಿಗೆ ತಾಗಿಕೊಂಡೇ ಇರುವ ಮರ ಅದು. ದಶಕಗಳ ಕಾಲ ರೇಷ್ಮೆಯೂ ಅಂಗೈಯೂ ತೀಡಿ ತೀಡಿ ಅದಕ್ಕೆ ಬಂದಿರುವ ನುಣುಪು ಯಾವ ಪಾಲಿಶಿಗೂ ಬರುವುದಿಲ್ಲ. ಅಷ್ಟು ದಪ್ಪ ಇಲ್ಲದಿದ್ದರೂ ಉದ್ದ ಇರುತ್ತದೆ, ನೆಟ್ಟಗಿರುತ್ತದೆ. ಅದಕ್ಕೆ ಬ್ರಷ್ಷೂ ಬೇಡ, ಎಣ್ಣೆಯೂ ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಪಡಸಾಲೆಯ ಗೋಡೆಗೆ ಎರಡು ಆಸರೆಯ ಮೇಲಿಟ್ಟು, ಪಕ್ಕದಲ್ಲಿ ಮನೆಯ ಹಳೆಯ ಲಾಳಿ ಇಟ್ಟರೆ ಸಾಕು. ಯಾವ ಮನೆಯಲ್ಲಿ ಇನ್ನೂ ನೇಯುವ ಕೈ ಇದೆಯೋ ಅಲ್ಲಿ ಮಗ್ಗ ಮಗ್ಗವಾಗಿಯೇ ಇರಲಿ. ಗೋಡೆಗೆ ಏರಿಸುವ ಮಾತು ನಿಂತ ಮಗ್ಗಕ್ಕೆ ಮಾತ್ರ.

ಮರವನ್ನು ಉಳಿಸದಿದ್ದರೆ ಏನು ಕಳೆಯುತ್ತದೆ ಎಂಬುದಕ್ಕೆ ಇದೇ ತಾಲ್ಲೂಕಿನಲ್ಲಿ ಒಂದು ಸಾಕ್ಷಿ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು 1892ರಲ್ಲಿ ಕಂಡುಹಿಡಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ನೆಲ ಅಗೆಸಿದರು. ಬಂಡೆಯ ಮೇಲಿನ ಅಕ್ಷರವನ್ನು ಇಪ್ಪತ್ತೆರಡು ಶತಮಾನದ ಮೇಲೆಯೂ ನಾವು ಓದುತ್ತೇವೆ. ಆ ಶಾಸನ ಹೆಸರಿಸುವ ಇಸಿಲದ ಜನ ಎಂಥ ತೊಲೆಯ ಕೆಳಗೆ ಮಲಗಿದ್ದರು, ಎಂಥ ಬಾಗಿಲು ದಾಟಿದರು ಎಂಬುದು ಮಾತ್ರ ಹಾಗೆ ಓದಲು ಸಿಗುವುದಿಲ್ಲ. ಕಲ್ಲು ತಾನಾಗಿ ಉಳಿಯುತ್ತದೆ. ಮರವನ್ನು ಯಾರಾದರೂ ಉಳಿಸಿಕೊಳ್ಳಬೇಕು.

ಉಳಿಸಿದವರಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಹೆಸರಿನಲ್ಲಿ ಕಟ್ಟಿದ ಪಾರಂಪರಿಕ ಗ್ರಾಮ ನೋಡಿ. ಕೆಡವಲು ನಿಂತ ಮನೆಗಳ ಕಂಬ, ತೊಲೆ, ಹಲಗೆಗಳನ್ನು ಕ್ರಮವಾಗಿ ಬಿಚ್ಚಿ ತಂದು ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ ನಿಲ್ಲಿಸಿದರು. ನಮ್ಮ ಒಣಸೀಮೆಯ ಕುಕನೂರಿನ ಕಮಲ ಮಹಲು ಕೂಡ ಅಲ್ಲಿದೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆ ನಿಂತಿದೆ. ಇನ್ನೊಂದು ಕಡೆ ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿನಾಡಿನ ಬಂಗಲೆಗಳ ಬರ್ಮಾ ತೇಗ ಬೀದಿ ತುಂಬ ಮಾರಾಟಕ್ಕೆ ನಿಂತಿರುತ್ತದೆ. ಅಲ್ಲಿ ಮರ ಉಳಿಯುತ್ತದೆ ನಿಜ, ಆದರೆ ಯಾವ ಮನೆಯದು ಎಂಬುದು ಕಳೆದುಹೋಗುತ್ತದೆ. ನಮ್ಮ ಚಳ್ಳಕೆರೆಯ ತೊಲೆ ಎಲ್ಲೋ ದೂರದ ರೆಸಾರ್ಟಿನ ಗೋಡೆಯಲ್ಲಿರುವುದಕ್ಕಿಂತ ಅದನ್ನು ಕಡಿದು ತಂದವರ ಮೊಮ್ಮಕ್ಕಳ ಮನೆಯಲ್ಲಿರಲಿ ಎಂಬುದು ನನ್ನ ಆಸೆ.

ಗೋಡೆಗೆ ಕೂರಿಸುವ ಕೆಲಸಕ್ಕೆ ಬರುತ್ತೇನೆ. ಐದು ಅಡಿ ಉದ್ದ, ಎಂಟು ಅಂಗುಲ ಅಗಲ, ಐದು ಅಂಗುಲ ದಪ್ಪದ ಜಾಲಿಯ ತುಂಡು ಸುಮಾರು 30 ಕೆಜಿ ತೂಗುತ್ತದೆ. ಕಮರವಾದರೆ 40 ಕೆಜಿ ಮೀರುತ್ತದೆ. ಮೇಲಿಡುವ ಸಾಮಾನಿನ ಭಾರ ಬೇರೆ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆ ಇದನ್ನು ಹೊರುವುದಿಲ್ಲ. ಮನೆ ಕಟ್ಟುವಾಗಲೇ ಯೋಚಿಸಿದರೆ ಸುಲಭ. ಗೋಡೆ ಎದೆಮಟ್ಟ ಬಂದಾಗ ಎರಡು ಕಲ್ಲಿನ ಚಾಚುಗಳನ್ನು ಒಳಗೆ ಒಂಬತ್ತು ಅಂಗುಲ, ಹೊರಗೆ ಆರು ಅಂಗುಲ ಬರುವಂತೆ ಇಟ್ಟು ಕಟ್ಟಿಸಿ. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಹಳೆ ಮನೆಯ ಬೋದಿಗೆ ಸಿಕ್ಕಿದ್ದರೆ ಇನ್ನೂ ಚೆಂದ. ಒಂದು ಬೋದಿಗೆಯನ್ನು ನಡುವೆ ಸೀಳಿದರೆ ಎರಡು ಆಸರೆ ಆಗುತ್ತವೆ, ತೊಲೆ ತನ್ನ ಹಳೆಯ ಬೋದಿಗೆಯ ಮೇಲೆಯೇ ಮತ್ತೆ ಕೂರುತ್ತದೆ. ಕಟ್ಟಿ ಮುಗಿದ ಇಟ್ಟಿಗೆ ಗೋಡೆಯಾದರೆ 16 ಮಿ.ಮೀ. ಕಬ್ಬಿಣದ ಸರಳು ಮೂರು, ಗೋಡೆಯೊಳಗೆ ಐದಂಗುಲ ಇಳಿಸಿ ಎಪಾಕ್ಸಿ ಹಾಕಿ ನಿಲ್ಲಿಸಿ, ತೊಲೆಯ ಬೆನ್ನಿಗೆ ತೂತು ಕೊರೆದು ಅದರ ಮೇಲೆ ತೂರಿಸಿ. ತೊಲೆಯ ಹಳೆ ಕುಳಿಗಳು, ಜಂತೆಯ ಗುರುತುಗಳು ಎದುರಿಗೆ ಕಾಣುವಂತೆ ಕೂರಿಸಿ. ಸೀಳು ದೊಡ್ಡದಿದ್ದರೆ ಮರದ ಹಿಟ್ಟು ತುಂಬಿ ಮುಚ್ಚುವುದಕ್ಕಿಂತ, ಚಿಟ್ಟೆಯಾಕಾರದ ಜಾಲಿ ಬೆಣೆ ಅಡ್ಡಲಾಗಿ ಹುದುಗಿಸಿ ಬಿಗಿ ಮಾಡುವುದು ಮೇಲು.

ಒಲೆಯ ಮೇಲೆ ಎಂದಾಗ ದೂರದ ಲೆಕ್ಕ ತಪ್ಪಬಾರದು. ಅಮೆರಿಕದ ಕಟ್ಟಡ ನಿಯಮದಲ್ಲಿ ಅಗ್ಗಿಷ್ಟಿಕೆಯ ಬಾಯಿಯಿಂದ ಆರು ಅಂಗುಲದೊಳಗೆ ಮರ ಇರಕೂಡದು. ಹನ್ನೆರಡು ಅಂಗುಲದೊಳಗೆ ಇದ್ದರೆ, ದೂರದ ಪ್ರತಿ ಅಂಗುಲಕ್ಕೆ ಒಂದು ಅಂಗುಲದ ಎಂಟನೆಯ ಒಂದು ಭಾಗದಷ್ಟೇ ಮುಂದೆ ಚಾಚಬಹುದು. ಅದು ಗೋಡೆಯೊಳಗೆ ಹೊಗೆಗೂಡಿರುವ ಬೆಂಕಿಯ ಲೆಕ್ಕ. ನಮ್ಮ ಸೌದೆ ಒಲೆಯ ಬೆಂಕಿ ಬಯಲಿಗೇ ನಾಲಿಗೆ ಚಾಚುತ್ತದೆ. ಆದ್ದರಿಂದ ಒಲೆಯ ನೇರ ಮೇಲಕ್ಕಿಂತ ಒಂದು ಪಕ್ಕಕ್ಕೆ, ಕೈಗೆಟುಕುವ ಎತ್ತರದಲ್ಲಿ ಇಡಿ. ಗ್ಯಾಸ್ ಒಲೆಯ ನೆತ್ತಿಯ ಮೇಲೆ ಬೇಡವೇ ಬೇಡ.

ಕೊನೆಯ ಕೆಲಸ ಎಣ್ಣೆ. ಎಣ್ಣೆಯ ಊರಿನವರು ಮನೆಯಲ್ಲಿರುವ ಶೇಂಗಾ ಎಣ್ಣೆಯನ್ನೇ ಸವರುವುದು ಸಹಜ. ಸವರಿದ ದಿನ ತೊಲೆ ಫಳಫಳ ಹೊಳೆಯುತ್ತದೆ. ಆದರೆ ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ತಿಂಗಳೊಪ್ಪತ್ತಿನಲ್ಲಿ ಜಿಗುಟಾಗಿ, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಮರಕ್ಕೆ ಬೇಕಾದದ್ದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಎಣ್ಣೆ. ಅದು ಅಗಸೆ ಎಣ್ಣೆ. ಕುಸುಬೆ ಎಣ್ಣೆಯೂ ಆದೀತು, ಒಣಗಲು ಹೆಚ್ಚು ದಿನ ಬೇಕು. ಅಗಸೆ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ, ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಬಿಟ್ಟದ್ದನ್ನು ಬಟ್ಟೆಯಲ್ಲಿ ಪೂರಾ ಒರೆಸಿ ತೆಗೆಯಿರಿ. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ. ಮೇಲೆ ಜೇನುಮೇಣ ತೀಡಿದರೆ ಸಾಕು, ವಾರ್ನಿಶ್ ಬೇಡ. ಒಂದು ಎಚ್ಚರಿಕೆಯನ್ನು ದಯವಿಟ್ಟು ಕಿವಿಗೊಟ್ಟು ಕೇಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗುತ್ತದೆ, ಯಾರೂ ಕಿಡಿ ತಾಗಿಸದೆ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನ ಬಕೀಟಿಗೆ ಹಾಕಿ.

ತೊಲೆಯನ್ನು ಬೇರೆ ಊರಿಗೆ ಸಾಗಿಸುವುದಿದ್ದರೆ, ಅದರಲ್ಲೂ ತೇಗ, ಬೀಟೆ, ಹೊನ್ನೆಯಾದರೆ, ಹಳೆ ಮನೆಯ ಮರ ಎಂಬುದಕ್ಕೆ ಪಂಚಾಯಿತಿಯ ಪತ್ರ ಪಡೆದು, ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು ಹೊರಡಿ. ಕೂರಿಸುವ ಮುನ್ನ ತೊಲೆಯ ಬೆನ್ನಿಗೆ, ಗೋಡೆಗೆ ತಾಗುವ ಭಾಗದಲ್ಲಿ, ಮನೆ ಯಾವ ಊರಿನದು, ಯಾರು ಕಟ್ಟಿಸಿದ್ದು, ಯಾವ ವರ್ಷ ಇಳಿಸಿದ್ದು ಎಂದು ಉಳಿಯಿಂದ ಕೊರೆಸಿ. ಮೊದಲ ವರ್ಷ ಮರ ಹೊಸ ಮನೆಯ ಗಾಳಿಗೆ ಒಗ್ಗಿಕೊಳ್ಳುವಾಗ ಟಪ್ಪೆಂದು ಸದ್ದು ಮಾಡುವುದುಂಟು, ಕೂದಲೆಳೆಯ ಸೀಳು ಬಿಡುವುದುಂಟು, ಗಾಬರಿ ಬೇಡ. ಯುಗಾದಿಗೆ ಮನೆ ತೊಳೆಯುವಾಗ ಆಸರೆಗಳು ಸಡಿಲವಾಗಿವೆಯೇ ಎಂದು ಅಲುಗಿಸಿ ನೋಡಿ, ಕೆಳಗೆ ಪುಡಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ, ಇನ್ನೊಂದು ಕೈ ಅಗಸೆ ಎಣ್ಣೆ ಹಚ್ಚಿ.